ಇಂಟರ್‌ಫೇಸ್ ಕೋಶವನ್ನೂ ನೋಡೋಣ

ಕಳೆದ ತಿಂಗಳು ಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ಮಾಡಿದೆವು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಕೂಡಲೇ ನಾವೆಲ್ಲ ಹುಡುಕಿದ್ದು ಮೆಟಾಫೇಸ್, ಅನಾಫೇಸ್. ಕಂಡ ಕೋಶಗಳಲ್ಲಿ ಬಹುಪಾಲು ಇಂಟರ್‌ಫೇಸ್‌ನವು. ಅವನ್ನು "ಏನೂ ಇಲ್ಲ" ಎಂದು ಸರಿಸಿಬಿಟ್ಟೆವು. ನನಗೆ ಮೆಟಾಫೇಸ್ ಸಿಗಲೇ ಇಲ್ಲ. ಸೀನಿಯರ್ ರೆಕಾರ್ಡ್ ನೋಡಿ ಚಿತ್ರ ಬರೆದೆ, ಒಪ್ಪಿಕೊಳ್ಳುತ್ತೇನೆ.

ಆದರೆ ನಾವು ಬಿಟ್ಟುಬಿಡುವ ಆ ಕೋಶದಲ್ಲೇ ನಿಜವಾದ ಕೆಲಸ ನಡೆದಿರುತ್ತದೆ ಎಂಬುದು ನನ್ನ ವಾದ. ಅದರ ನ್ಯೂಕ್ಲಿಯಸ್ ಒಳಗೆ ಬಣ್ಣ ಕಡಿಮೆ ಹಿಡಿದ ದುಂಡನೆಯ ಭಾಗ ಕಾಣುತ್ತದೆ. ಅದೇ ನ್ಯೂಕ್ಲಿಯೋಲಸ್. ರೈಬೋಸೋಮ್ ತಯಾರಿಗೆ ಬೇಕಾದ ಆರ್‌ಎನ್‌ಎ ಹುಟ್ಟುವುದು ಅಲ್ಲಿ. ಬೆಳೆಯುವ ಬೇರಿಗೆ ಲಕ್ಷಾಂತರ ರೈಬೋಸೋಮ್ ಬೇಕು, ಒಂದು ಜೀನ್ ಸಾಲದು. ಹಾಗಾಗಿ ಸಸ್ಯಗಳಲ್ಲಿ ಈ ಜೀನ್‌ನ ನೂರಾರು, ಎಷ್ಟೋ ಸಲ ಸಾವಿರಾರು ಪ್ರತಿಗಳು ಸಾಲಾಗಿ ಇರುತ್ತವೆ. ನ್ಯೂಕ್ಲಿಯೋಲಸ್ ಕಟ್ಟುವ ಜಾಗ ಮೆಕ್ಕೆಜೋಳದ 6ನೇ ವರ್ಣತಂತುವಿನಲ್ಲಿದೆ ಎಂದು ಬಾರ್ಬರಾ ಮೆಕ್ಲಿಂಟಾಕ್ 1934ರಲ್ಲೇ ತೋರಿಸಿದ್ದರು, ಅದೂ ಸೂಕ್ಷ್ಮದರ್ಶಕದಲ್ಲಿ ನೋಡಿಯೇ.

ಕೋಶ ಇಬ್ಭಾಗವಾಗುವ ಮೊದಲು, ಎಸ್ ಹಂತದಲ್ಲಿ, ಈ ಸಾಲು ಪೂರ್ತಿ ನಕಲಾಗಬೇಕು. ಇಲ್ಲಿ ಎರಡು ತೊಂದರೆ. ಒಂದು, ಡಿಎನ್‌ಎ ನಕಲು ಮಾಡುವ ಯಂತ್ರ ಬರುವ ದಾರಿಯಲ್ಲೇ ಆರ್‌ಎನ್‌ಎ ಮಾಡುವ ಯಂತ್ರವೂ ಓಡುತ್ತಿರುತ್ತದೆ. ಎದುರುಬದುರಾದರೆ ಡಿಕ್ಕಿ. ಬಟಾಣಿ ಗಿಡದಲ್ಲಿ ಇದಕ್ಕೊಂದು ತಡೆ ಪತ್ತೆಯಾಗಿದೆ: ಜೀನ್ ಮುಗಿಯುವ ಕಡೆ, ಎದುರಿನಿಂದ ಬರುವ ನಕಲನ್ನು ನಿಲ್ಲಿಸುವ ಒನ್ ವೇ ಗೇಟು. ಎರಡನೆಯದು, ಪ್ರತಿಗಳೆಲ್ಲ ಒಂದೇ ತರಹ ಇರುವುದರಿಂದ ಜೋಡಿ ತಪ್ಪಿ ಕೆಲವು ಕಳೆದುಹೋಗಬಹುದು, ಕೆಲವು ಹೆಚ್ಚಬಹುದು. ಹಿಫ್ಜ್ ಮಾಡುತ್ತಿರುವ ನನ್ನ ಗೆಳೆಯನಿಗೆ ಇದನ್ನು ಹೇಳಿದಾಗ ನಕ್ಕ. ಒಂದೇ ತರಹದ ಆಯತ್ ಬಂದಾಗ ಅವನೂ ಒಂದು ಸೂರಾದಿಂದ ಇನ್ನೊಂದಕ್ಕೆ ಜಾರುತ್ತಾನಂತೆ. ಉಸ್ತಾದರು ತಡೆದು ಸರಿ ಮಾಡುತ್ತಾರೆ. ಕೋಶದಲ್ಲೂ ತಿದ್ದುವ ಕಿಣ್ವಗಳಿವೆ, ಆದರೂ ಪ್ರತಿಗಳ ಸಂಖ್ಯೆ ಒಂದೇ ಜಾತಿಯ ಗಿಡಗಳಲ್ಲೂ ಬೇರೆಬೇರೆ ಇರುತ್ತದೆ.

ಪ್ರೊಫೇಸ್‌ನಲ್ಲಿ ನ್ಯೂಕ್ಲಿಯೋಲಸ್ ಕರಗುತ್ತದೆ, ಟೆಲೋಫೇಸ್‌ನಲ್ಲಿ ಮತ್ತೆ ಮೂಡುತ್ತದೆ. ಸಿದ್ದರಬೆಟ್ಟದ ಗಿಡಮೂಲಿಕೆಯಾಗಲಿ, ಪಾವಗಡದ ಕಡಲೆಕಾಯಿಯಾಗಲಿ, ಬೇರಿನ ತುದಿಯಲ್ಲಿ ನಡೆಯುವುದು ಇದೇ. ಈರುಳ್ಳಿಯ 16 ವರ್ಣತಂತುಗಳು ದೊಡ್ಡವು ಎಂಬುದಕ್ಕೇ ಲ್ಯಾಬಿನಲ್ಲಿ ಅದಕ್ಕೆ ಮರ್ಯಾದೆ.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ರೆಕಾರ್ಡ್‌ನಲ್ಲಿ ಒಂದು ಇಂಟರ್‌ಫೇಸ್ ಕೋಶವನ್ನು ನ್ಯೂಕ್ಲಿಯೋಲಸ್ ಸಮೇತ, ಸ್ವಂತ ಸ್ಲೈಡ್ ನೋಡಿಯೇ ಬರೆಯಬೇಕೆಂದು ಹೇಳಿ. ಚಿತ್ರ ಚೆನ್ನಾಗಿಲ್ಲದಿದ್ದರೂ ಅಂಕ ಕೊಡಿ. ಅಂಕಕ್ಕೆ ಹೆದರಿಯೇ ನಾವು ಸೀನಿಯರ್ ರೆಕಾರ್ಡ್ ತೆರೆಯುವುದು. ನನ್ನ ಆ ಪುಟದಲ್ಲಿ ಇನ್ನೂ ಜಾಗ ಇದೆ. ಮುಂದಿನ ಪ್ರಾಕ್ಟಿಕಲ್‌ಗೆ ಈರುಳ್ಳಿ ನಾನೇ ತರುತ್ತೇನೆ.