ಕಚ್ಚಿದ್ದು ಬೀದಿಯ ನಾಯಿಯೋ, ಮನೆಯ ನಾಯಿಯೋ?

2025ರ ಏಪ್ರಿಲ್ ಕೊನೆಯಲ್ಲಿ ದಾವಣಗೆರೆ ನಗರದ ಬಡಾವಣೆಯೊಂದರಲ್ಲಿ ನಾಲ್ಕು ವರ್ಷದ ಹುಡುಗಿಯ ಮೇಲೆ ಬೀದಿನಾಯಿ ಎರಗಿತು. ಮುಖಕ್ಕೂ ಮೈಗೂ ಕಚ್ಚಿತು. ಸುಮಾರು ನಾಲ್ಕು ತಿಂಗಳು ಚಿಕಿತ್ಸೆ ನಡೆದು, ಆಗಸ್ಟ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗು ತೀರಿಕೊಂಡಿತು. ಕಾರಣ ರೇಬಿಸ್. ಅದೇ ವರ್ಷದ ಡಿಸೆಂಬರ್ ಮೊದಲ ವಾರದಲ್ಲಿ ದಾವಣಗೆರೆ ಹೊರವಲಯದ ಹೊನ್ನೂರು ಗೊಲ್ಲರಹಟ್ಟಿ ಬಳಿ ರಾತ್ರಿ ಹೊತ್ತು ಒಬ್ಬ ಮಹಿಳೆಯ ಮೇಲೆ ಎರಡು ರಾಟ್‌ವೈಲರ್ ನಾಯಿಗಳು ಬಿದ್ದವು. ಆಕೆ ಬದುಕಲಿಲ್ಲ. ಸಾಕಿದವರೇ ಆ ನಾಯಿಗಳನ್ನು ಅಲ್ಲಿ ತಂದು ಬಿಟ್ಟಿದ್ದರು ಎಂಬುದು ಆರೋಪ. ಪೊಲೀಸರು ಮಾಲೀಕನನ್ನು ಬಂಧಿಸಿದರು.

ಎರಡೂ ಸಲ ಊರಿನಲ್ಲಿ ಕೇಳಿದ್ದು ಒಂದೇ ಮಾತು: ನಾಯಿ ಹಿಡೀರಿ. ಸಿಟ್ಟು ಸಹಜ. ಆದರೆ ಈ ಎರಡು ಸಾವುಗಳಿಗೆ ನಾಯಿ ಎಂಬುದನ್ನು ಬಿಟ್ಟರೆ ಸಾಮ್ಯ ಕಡಿಮೆ. ಮೊದಲನೆಯದರಲ್ಲಿ ಕೊಂದದ್ದು ವೈರಾಣು. ಅದಕ್ಕೆ ಲಸಿಕೆಯಿದೆ, ಕಾನೂನಿದೆ, ಕಾರ್ಯಕ್ರಮವಿದೆ. ಜಿಲ್ಲಾ ನಗರಗಳ ಮಟ್ಟಕ್ಕೆ ಬರುವಷ್ಟರಲ್ಲಿ ಅವೆಲ್ಲ ಸವೆದುಹೋಗುತ್ತವೆ. ಎರಡನೆಯದರಲ್ಲಿ ಕೊಂದದ್ದು ಹಲ್ಲು. ಅದರ ಹಿಂದೆ ಆ ನಾಯಿಯನ್ನು ದುಡ್ಡು ಕೊಟ್ಟು ತಂದ ಒಬ್ಬ ಮನುಷ್ಯನಿರುತ್ತಾನೆ. ಅವನನ್ನು ಸಾವು ಸಂಭವಿಸುವ ಮೊದಲೇ ಹಿಡಿದು ಕೇಳುವ ವ್ಯವಸ್ಥೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದೇ ಕೂಗಿನಲ್ಲಿ ಎರಡನ್ನೂ ಸೇರಿಸಿದರೆ ಪಾಲಿಕೆಯೂ ಪಾರು, ಮಾಲೀಕನೂ ಪಾರು.

ಮೊದಲು ವೈರಾಣುವಿನ ಮಾತು. ನಾಯಿ ಕಡಿದ ಮೊದಲ ಗಂಟೆಯಲ್ಲಿ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಗಾಯಕ್ಕೆ ಅರಿಶಿನ ಮೆತ್ತುತ್ತಾರೆ, ಇಲ್ಲವೇ ಸುಣ್ಣ, ಖಾರದಪುಡಿ. ‘ಹಲ್ಲು ಸಣ್ಣಗೆ ತಾಗೈತಿ ಅಷ್ಟೆ, ಬಿಡ್ರಿ’ ಎನ್ನುವ ಹಿರಿಯರೊಬ್ಬರು ಎಲ್ಲ ಓಣಿಯಲ್ಲೂ ಸಿಗುತ್ತಾರೆ. ಕಚ್ಚಿದ್ದು ಮರಿಯಾದರಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬೈಗುಳಕ್ಕೆ ಹೆದರಿ ಮನೆಯಲ್ಲಿ ಹೇಳದ ಮಕ್ಕಳಿದ್ದಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯ ಇನ್ನೂ ಸತ್ತಿಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತ ಕೈಬಿಟ್ಟು ಎರಡು ದಶಕ ಕಳೆದಿದೆ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಕ್ಕೆ ಕೊಡುವ ಲಸಿಕೆ ನಾಲ್ಕು ಭೇಟಿಯಲ್ಲಿ ಮುಗಿಯುತ್ತದೆ: ಮೊದಲ ದಿನ, ಅದಾದ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ. ಹಣ ಕೊಡಬೇಕಾಗಿಲ್ಲ.

ಆಸ್ಪತ್ರೆಗೆ ಹೊರಡುವ ಮೊದಲೇ ಮಾಡಬೇಕಾದ ಕೆಲಸ ಇದಕ್ಕಿಂತ ಸರಳ. ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯುವುದು. ಗಡಿಯಾರ ನೋಡಿ ಹದಿನೈದು ನಿಮಿಷ, ಅಂದಾಜಿನ ಮೇಲಲ್ಲ. ವೈರಾಣು ನರಕ್ಕೆ ಹತ್ತುವ ಮೊದಲು ಗಾಯದಲ್ಲೇ ಅದರ ಸಂಖ್ಯೆ ತಗ್ಗಿಸುವ ಉಪಾಯವಿದು. ರಕ್ತ ಬಂದ ಕಡಿತಕ್ಕೆ ಲಸಿಕೆಯೊಂದೇ ಸಾಲದು ಎಂಬುದು ಜನರಿಗೆ ಕಡಿಮೆ ಗೊತ್ತಿರುವ ಸಂಗತಿ. ಲಸಿಕೆ ಕೊಟ್ಟ ಮೇಲೆ ದೇಹ ತಾನಾಗಿ ಪ್ರತಿಕಾಯ ತಯಾರಿಸಲು ವಾರಕ್ಕೂ ಮೇಲೆ ಬೇಕು. ಆ ನಡುವಿನ ದಿನಗಳನ್ನು ಕಾಯುವುದು ಗಾಯದೊಳಕ್ಕೂ ಸುತ್ತಲೂ ನೇರವಾಗಿ ಚುಚ್ಚುವ ಇಮ್ಯುನೊಗ್ಲೋಬ್ಯುಲಿನ್. ಮಗುವಿನ ಮುಖಕ್ಕೆ ಕಚ್ಚಿದಾಗ ಮಿದುಳಿಗೆ ದಾರಿ ಬಹಳ ಹತ್ತಿರ, ಸಮಯ ಬಹಳ ಕಡಿಮೆ. ಎಲ್ಲವೂ ಸರಿಯಾಗಿ ನಡೆದರೂ ಅಪಾಯ ಪೂರ್ತಿ ಹೋಗದ ಕಡಿತ ಅದು. ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ವೈದ್ಯರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ ದಾವಣಗೆರೆಯ ಪಕ್ಕದ ಹರಿಹರದವರು ಕೇಳಬೇಕಾದ ಪ್ರಶ್ನೆ ಇದು: ರಾತ್ರಿ ಒಂಬತ್ತಕ್ಕೆ ಮಗುವಿನ ಕೆನ್ನೆಗೆ ನಾಯಿ ಕಚ್ಚಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಸಿಗುತ್ತದೆಯೇ, ಇಲ್ಲ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಓಡಬೇಕೇ? ದಾಸ್ತಾನಿನ ಫಲಕವೊಂದನ್ನು ಆಸ್ಪತ್ರೆ ಬಾಗಿಲಲ್ಲಿ ತೂಗುಹಾಕಲು ಸರ್ಕಾರಿ ಆದೇಶ ಬೇಕಾಗಿಲ್ಲ.

ಅಂಕಿಗಳನ್ನು ನಂಬುವುದು ಕಷ್ಟ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತ, ರೇಬಿಸ್‌ನಿಂದ ಶಂಕಿತ ಸಾವು 54 ಎಂದಿತು ಕೇಂದ್ರ. ಅದೇ ವರ್ಷ ಕರ್ನಾಟಕ ಒಂದರಲ್ಲೇ ಸುಮಾರು 3.6 ಲಕ್ಷ ಕಡಿತ, 42 ಸಾವು ಎಂದಿತು ನಮ್ಮ ಆರೋಗ್ಯ ಇಲಾಖೆ. ಹಾಗಾದರೆ ಉಳಿದ ಇಡೀ ಭಾರತದಲ್ಲಿ ಸತ್ತವರು ಹನ್ನೆರಡೇ ಮಂದಿಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮನೆಮನೆ ಸಮೀಕ್ಷೆ ವರ್ಷಕ್ಕೆ 5,700ರಷ್ಟು ಸಾವು ಎಂದು ಅಂದಾಜು ಮಾಡಿದೆ. ಪ್ರಾಣಿ ಕಡಿತಕ್ಕೆ ಒಳಗಾದ ಐವರಲ್ಲಿ ಒಬ್ಬರು ಒಂದು ಡೋಸ್ ಲಸಿಕೆಯನ್ನೂ ಪಡೆದಿರಲಿಲ್ಲ ಎಂದೂ ಹೇಳಿದೆ. ಮನುಷ್ಯರ ರೇಬಿಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2022ರ ಡಿಸೆಂಬರ್‌ನಲ್ಲೇ ಆದೇಶಿಸಿತು. ನಮ್ಮ ಸಂಖ್ಯೆ ದೊಡ್ಡದಾಗಿ ಕಾಣುವುದಕ್ಕೆ ಇಲ್ಲಿ ಎಣಿಸುತ್ತಾರೆ ಎಂಬುದೂ ಒಂದು ಕಾರಣವಿರಬಹುದು.

ಇನ್ನು ನಾಯಿಗಳ ಸಂಗತಿ. ಪ್ರಾಣಿ ಜನನ ನಿಯಂತ್ರಣ ನಿಯಮ 2023ರ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕು. ‘ಮತ್ತೆ ಇಲ್ಲೇ ತಂದು ಬಿಟ್ಟರಲ್ಲ’ ಎಂಬ ಆಕ್ಷೇಪ ದಾವಣಗೆರೆಯ ನಿಟುವಳ್ಳಿಯಲ್ಲೂ ಕೇಳುತ್ತದೆ, ವಿನೋಬನಗರದಲ್ಲೂ ಕೇಳುತ್ತದೆ. ಆದರೆ ಲಸಿಕೆ ಪಡೆದ ನಾಯಿಯನ್ನು ಎತ್ತಿ ದೂರ ಬಿಟ್ಟರೆ ಆ ಜಾಗಕ್ಕೆ ಲಸಿಕೆ ಇಲ್ಲದ ನಾಯಿ ಬರುತ್ತದೆ. ಮಾಂಸದಂಗಡಿಯ ಹಿಂದಿನ ತ್ಯಾಜ್ಯ, ಮದುವೆ ಛತ್ರಗಳ ಎಲೆ, ರಸ್ತೆಬದಿ ಗಾಡಿಗಳ ಎಂಜಲು ಅಲ್ಲೇ ಇರುವಾಗ ಬಾರದೆ ಏನು ಮಾಡುತ್ತದೆ? ಕೊಲ್ಲುವ ದಾರಿಯನ್ನೂ ನೋಡಿದ್ದಾಗಿದೆ. ಮಕ್ಕಳಿಬ್ಬರ ಸಾವಿನ ನಂತರ 2007ರಲ್ಲಿ ಬೆಂಗಳೂರಿನಲ್ಲಿ ನಾಯಿಗಳನ್ನು ಸಾಮೂಹಿಕವಾಗಿ ಕೊಂದರು. 2021ರಲ್ಲಿ ಪಕ್ಕದ ಭದ್ರಾವತಿ ತಾಲ್ಲೂಕಿನ ಕಂಬದಾಳು–ಹೊಸೂರು ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತದ್ದು ಬಯಲಾಗಿ ಪ್ರಕರಣ ದಾಖಲಾಯಿತು. ಎರಡೂ ಕಡೆ ಬೀದಿಗಳು ನಾಯಿಗಳಿಂದ ಖಾಲಿಯಾಗಲಿಲ್ಲ.

ಇಷ್ಟೆಲ್ಲ ಹೇಳಿಯೂ, ನಿಯಮದ ಪರ ಮಾತನಾಡುವ ಪ್ರಾಣಿಪ್ರಿಯರು ಒಂದು ವಿಷಯದಲ್ಲಿ ಜಾರಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆ ನಿಧಾನದ ಕೆಲಸ. ಶಸ್ತ್ರಚಿಕಿತ್ಸಾ ಕೊಠಡಿ, ಗೂಡುಗಳು, ಕೈಪಳಗಿದ ಪಶುವೈದ್ಯರು, ಮಾನ್ಯತೆ ಪಡೆದ ಸಂಸ್ಥೆ, ಆಮೇಲಿನ ಆರೈಕೆಯ ದಿನಗಳು, ಇಷ್ಟೂ ಬೇಕು. ನೂರು ನಾಯಿಗೆ ಶಸ್ತ್ರಚಿಕಿತ್ಸೆ ಮುಗಿಯುವಷ್ಟರಲ್ಲಿ ಅದಕ್ಕೂ ಹೆಚ್ಚು ಮರಿಗಳು ಹುಟ್ಟಿರುತ್ತವೆ. ಹತ್ತು ವರ್ಷದ ನಂತರ ನಾಯಿ ಕಡಿಮೆಯಾಗುತ್ತವೆ ಎಂಬ ಭರವಸೆ ಇವತ್ತು ಶಾಲೆಗೆ ನಡೆದುಹೋಗುವ ಮಗುವಿಗೆ ಉಪಯೋಗವಿಲ್ಲ. ಲಸಿಕೆ ಹಾಗಲ್ಲ. ಬಲೆ ಹಿಡಿದ ತಂಡವೊಂದು ಬೆಳಗಿನ ಜಾವ ಓಣಿಗಿಳಿದರೆ ನಾಯಿಯನ್ನು ಹಿಡಿದು, ಚುಚ್ಚಿ, ಬಣ್ಣದ ಗುರುತು ಹಾಕಿ ಅಲ್ಲೇ ಬಿಡಬಹುದು. ಒಂದು ಪ್ರದೇಶದ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಹೀಗೆ ಲಸಿಕೆ ಬಿದ್ದರೆ ವೈರಾಣುವಿನ ಸರಪಳಿ ಕಡಿಯುತ್ತದೆ. ಗೋವಾ ಮಾಡಿದ್ದು ಇದನ್ನೇ. ಮಿಷನ್ ರೇಬಿಸ್ ಸಂಸ್ಥೆಯ ಜೊತೆಗೂಡಿ ರಾಜ್ಯವಿಡೀ ಲಸಿಕೆ ಹಾಕಿಸಿ, ಮೂರು ವರ್ಷ ಮನುಷ್ಯರ ಸಾವಿಲ್ಲದೆ ಕಳೆದ ಮೇಲೆ 2021ರಲ್ಲಿ ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಅಲ್ಲಿ ಬೀದಿನಾಯಿಗಳು ಈಗಲೂ ಇವೆ, ಕಚ್ಚುತ್ತಲೂ ಇವೆ. ಆದರೆ ಆ ಕಡಿತ ಸಾವಿನ ಚೀಟಿಯಾಗಿ ಉಳಿದಿಲ್ಲ.

ದಾವಣಗೆರೆ ಮಹಾನಗರ ಪಾಲಿಕೆಯೂ ಹರಿಹರ ನಗರಸಭೆಯೂ ಇದನ್ನು ಒಟ್ಟಿಗೆ ಮಾಡಬೇಕು. ಪಿ.ಬಿ. ರಸ್ತೆಯಲ್ಲಿ ಅರ್ಧ ಗಂಟೆಯ ಹಾದಿ. ನಡುವೆ ಬಾತಿ, ದೊಡ್ಡಬಾತಿಯಂಥ ಊರುಗಳು ಎರಡೂ ನಗರಗಳನ್ನು ಹೊಲಿದುಬಿಟ್ಟಿವೆ. ಹರಿಹರದಂಥ ಊರು ತಾನೇ ಒಂದು ಶಸ್ತ್ರಚಿಕಿತ್ಸಾ ಕೇಂದ್ರ ಕಟ್ಟಿ ನಡೆಸುವುದು ದುಬಾರಿ. ಕಟ್ಟಿದರೂ ಬೀಗ ಬೀಳುವ ಸಾಧ್ಯತೆಯೇ ಹೆಚ್ಚು. ಜಂಟಿ ಕೇಂದ್ರ, ಜಂಟಿ ಲಸಿಕಾ ತಂಡ, ಒಂದೇ ವಾರದಲ್ಲಿ ಎರಡೂ ಕಡೆ ಕೆಲಸ. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ, ಅದು ಹಾವೇರಿ ಜಿಲ್ಲೆ. ನಾಯಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ಕಡತಕ್ಕೆ ಗೊತ್ತು. ತೊಡಕು ಬರುವುದು ಅಲ್ಲೇ.

ಸುಪ್ರೀಂ ಕೋರ್ಟ್ ಆದೇಶಗಳ ಗೊಂದಲವೂ ಇದೆ. 2025ರ ಆಗಸ್ಟ್ 11ರಂದು ದೆಹಲಿಯ ಎಲ್ಲ ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ ಎಂದಿತು ಇಬ್ಬರ ಪೀಠ. ಆಗಸ್ಟ್ 22ರಂದು ಮೂವರ ಪೀಠ ಅದನ್ನು ತಿದ್ದಿ, ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಮರಳಿ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ನಾಯಿಗಳನ್ನು ತೆರವು ಮಾಡಿ, ಅಲ್ಲಿಗೆ ಮರಳಿ ಬಿಡಬೇಡಿ ಎಂದಿತು. ದೆಹಲಿಗೆ ಇದು ನ್ಯಾಯಾಂಗದ ಸುದ್ದಿ, ದಾವಣಗೆರೆಗೆ ಜಾಗದ ಸಮಸ್ಯೆ: ಆಸ್ಪತ್ರೆ ಆವರಣದಿಂದ ಎತ್ತಿದ ನಾಯಿಯನ್ನು ಎಲ್ಲಿಡುವುದು? ಆಶ್ರಯ ಕೇಂದ್ರ ಇಲ್ಲದಿದ್ದರೆ ಅದು ರಾತ್ರಿ ಊರ ಹೊರಗಿನ ಹಳ್ಳಿಯೊಂದರ ಬಳಿ ಇಳಿಯುತ್ತದೆ, ಹಳ್ಳಿಯವರು ಬೆಳಿಗ್ಗೆ ಎದ್ದು ನೋಡುತ್ತಾರೆ. ‘ಆಕ್ರಮಣಕಾರಿ’ ಎಂದು ತೀರ್ಮಾನಿಸುವವರು ಯಾರು, ಯಾವ ಅಳತೆಯಿಂದ ಎಂಬುದನ್ನೂ ಆಗಸ್ಟ್ ಆದೇಶ ಬಿಡಿಸಿ ಹೇಳಲಿಲ್ಲ. ಮರಿ ಹಾಕಿದ ನಾಯಿ ಮೂರು ವಾರ ಯಾರನ್ನೂ ಹತ್ತಿರ ಸೇರಿಸದು. ಬೈಕಿನ ಹಿಂದೆ ಓಡುವ ನಾಯಿ ನಿಂತವರ ಕೈ ನೆಕ್ಕುತ್ತದೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಪಟ್ಟಿಗೆ ಅರ್ಥವಿಲ್ಲ.

ಗೊಲ್ಲರಹಟ್ಟಿಯ ಸಾವು ಕೇಳುವ ಪ್ರಶ್ನೆ ಇದಕ್ಕಿಂತ ಖಾರ. ಆ ನಾಯಿಗಳಿಗೆ ತಳಿಯ ಹೆಸರಿತ್ತು, ಕೊಂಡವರಿದ್ದರು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿ 23 ತಳಿಗಳ ಮಾರಾಟ, ಸಾಕಣೆ ತಡೆಯುವ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ, ಕಾನೂನಿನ ಬಲವಿಲ್ಲದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ತೀರ್ಪು ಸರಿಯಾಗಿಯೇ ಇತ್ತು; ಸುತ್ತೋಲೆಯಿಂದ ತಳಿ ನಿಷೇಧ ಮಾಡಲಾಗದು. ಆದರೆ ಆಮೇಲೆ ಸರಿಯಾದ ನಿಯಮವೊಂದು ಬರಬೇಕಿತ್ತು. ಬರಲಿಲ್ಲ.

ಇರುವ ಕಾನೂನು ಏನು ಹೇಳುತ್ತದೆ? ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ದಾವಣಗೆರೆಯಲ್ಲಿ ಒಂದು ಬೆಣ್ಣೆದೋಸೆ ತಿಂದೆದ್ದರೆ ಬಿಲ್ಲು ಅದಕ್ಕಿಂತ ಹೆಚ್ಚಾಗುತ್ತದೆ. ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಾದರೂ ಸತ್ತ ಮೇಲೆ ಬೇರೆ ಗಂಭೀರ ಕಲಂಗಳು ಸೇರಿಕೊಳ್ಳುತ್ತವೆ. ಅಂದರೆ ಕಾನೂನಿನ ಕೈ ಉದ್ದವಾಗುವುದು ಹೆಣ ಬಿದ್ದ ಮೇಲೆ. ತಳಿ ಬೆಳೆಸಿ ಮಾರುವವರು ನೋಂದಣಿ ಮಾಡಿಸಿ ಲೆಕ್ಕ ಇಡಬೇಕೆಂಬ 2017ರ ನಿಯಮವಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ಮರಿ ಮಾರುವವರನ್ನು ಆ ಬಗ್ಗೆ ಕೇಳಿ ನೋಡಿ.

ಪರಿಹಾರದಲ್ಲೂ ಇದೇ ಬಿರುಕು. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಬೀದಿನಾಯಿ ಕಡಿತದಿಂದ ಸತ್ತವರ ಕುಟುಂಬಕ್ಕೆ ಐದು ಲಕ್ಷ, ಗಾಯಗೊಂಡವರಿಗೆ ಐದು ಸಾವಿರ ರೂಪಾಯಿ (ಅದರಲ್ಲಿ 1,500 ಚಿಕಿತ್ಸೆಯ ಲೆಕ್ಕಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ) ಎಂದು ಘೋಷಿಸಿತು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ ಹತ್ತು ಸಾವಿರ ಎಂದು ನಿಗದಿ ಮಾಡಿದ್ದನ್ನು ನೋಡಿದರೆ ನಮ್ಮದು ಸಣ್ಣ ಮೊತ್ತ. ಅದು ಹಾಗಿರಲಿ. ಮಾಲೀಕ ತಂದು ಬಿಟ್ಟನೆನ್ನಲಾದ ರಾಟ್‌ವೈಲರ್ ಆ ರಾತ್ರಿ ಬೀದಿನಾಯಿಯೋ, ಸಾಕುನಾಯಿಯೋ? ಬೀದಿನಾಯಿ ಎಂದರೆ ಬಿಟ್ಟುಹೋದವನ ಹೊಣೆಯನ್ನು ಬೊಕ್ಕಸ ಹೊತ್ತಂತಾಯಿತು. ಸಾಕುನಾಯಿ ಎಂದರೆ ಸತ್ತವಳ ಮಕ್ಕಳು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಇದಕ್ಕೆ ಪಾಲಿಕೆಯ ಮಟ್ಟದಲ್ಲೇ ಆಗಬಹುದಾದ ಕೆಲಸಗಳಿವೆ. ಸಾಕುನಾಯಿಗೆ ಪರವಾನಗಿ, ಚರ್ಮದಡಿ ಇಡುವ ಮೈಕ್ರೊಚಿಪ್, ವರ್ಷಕ್ಕೊಮ್ಮೆ ಲಸಿಕೆಯ ದಾಖಲೆ. ದೊಡ್ಡ ಕಾವಲು ತಳಿಗಳಿಗೆ ಮೂರನೆಯ ವ್ಯಕ್ತಿಗಾಗುವ ಹಾನಿ ತುಂಬುವ ವಿಮೆ. ಸಾಕಲಾಗದವರು ತಂದೊಪ್ಪಿಸಲು ಒಂದು ಜಾಗ, ಪ್ರಶ್ನೆ ಕೇಳದೆ ತೆಗೆದುಕೊಳ್ಳುವ ಜಾಗ. ಕೊನೆಯದು ಹೆಚ್ಚು ಮುಖ್ಯ ಎಂಬುದು ನನ್ನ ಅನಿಸಿಕೆ. ಎಸ್.ಎಸ್. ಬಡಾವಣೆಯ ಮೂವತ್ತು–ನಲವತ್ತರ ಸೈಟಿನ ಮನೆಯಲ್ಲಿ ಐವತ್ತು ಕಿಲೊ ತೂಗುವ ನಾಯಿಯನ್ನು ಹಗಲಿಡೀ ಸರಪಳಿಯಲ್ಲಿ ಕಟ್ಟಿ, ಅದು ಯಾರನ್ನೂ ನಂಬದಂತೆ ಬೆಳೆಸಿ, ಕೊನೆಗೆ ಮನೆಯವರೇ ಹೆದರುವ ಹಂತಕ್ಕೆ ಬಂದವನಿಗೆ ಇವತ್ತು ಉಳಿದಿರುವ ದಾರಿ ಆಟೊ ಹತ್ತಿಸಿ ಊರಾಚೆ ಬಿಡುವುದೊಂದೇ. ಚಿಪ್ ಇದ್ದರೆ ಬಿಟ್ಟವನ ಹೆಸರು ನಾಯಿಯ ಮೈಯಲ್ಲೇ ಸಿಗುತ್ತದೆ.

ಪ್ರತಿ ವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬಿಸ್ ದಿನದ ಉಚಿತ ಲಸಿಕಾ ಶಿಬಿರಗಳಿಗೆ ಬರುವುದು ಕೊರಳಪಟ್ಟಿ ಇರುವ ನಾಯಿಗಳು. ಅವುಗಳ ಮಾಲೀಕರ ಹೆಸರು, ವಿಳಾಸ, ನಾಯಿಯ ತಳಿ ಬರೆದುಕೊಳ್ಳಲು ಮೇಜು ಹೇಗೂ ಇರುತ್ತದೆ. ನೋಂದಣಿಯನ್ನು ಆ ಮೇಜಿನಿಂದಲೇ ಶುರುಮಾಡಬಹುದು. ಕೊರಳಪಟ್ಟಿ ಇಲ್ಲದವುಗಳ ಬಳಿಗೆ ಮಾತ್ರ ಶಿಬಿರವೇ ಬಲೆ ಹಿಡಿದು, ಬೆಳಗಿನ ಐದಕ್ಕೆ ಮಾಂಸದಂಗಡಿಗಳ ಸಾಲಿನ ಹಿಂದಕ್ಕೆ ಹೋಗಬೇಕು.