ಕೊಂಡವರಿಗೆ ಕೀಲಿಕೈ ಬೇಡವೆ?

ಹಣ ಕೊಟ್ಟು ತಂದ ಪೆಟ್ಟಿಗೆಯ ಕೀಲಿಕೈಯನ್ನು ಮಾರಿದವನೇ ಇಟ್ಟುಕೊಂಡರೆ ನಾವು ಸುಮ್ಮನಿರುವುದಿಲ್ಲ. ಆದರೆ ಮನೆಯ ಮೂಲೆಯಲ್ಲಿ ಮಿನುಗುವ ರೂಟರ್, ಮೇಜಿನ ಮೇಲಿನ ಪ್ರಿಂಟರ್, ಮಕ್ಕಳ ಕೈಯ ಮೊಬೈಲು ಇವುಗಳ ವಿಷಯದಲ್ಲಿ ಅದನ್ನೇ ಸಹಿಸಿಕೊಂಡು ಬಂದಿದ್ದೇವೆ. ಈ ಯಂತ್ರಗಳನ್ನು ಒಳಗಿನಿಂದ ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು ಕೊಂಡವರಿಗೆ ಇರಬೇಕು. ತಯಾರಕರು ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಡಬೇಕು. ಇದು ನಮ್ಮ ವಾದ.

ಇದು ಹೊಸ ಜಗಳವಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂದಿತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದ ರಿಚರ್ಡ್ ಸ್ಟಾಲ್ಮನ್ನರಿಗೆ ಹೊಸದರ ಮೂಲಪಾಠ ದೊರೆಯಲಿಲ್ಲ. ಆ ಕಹಿಯೂ ಸೇರಿ 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು.

ಬೀಗ ಹಾಕಿದ ಫರ್ಮ್‌ವೇರಿನ ಫಲವನ್ನು ನಾವೂ ಉಂಡಿದ್ದೇವೆ. ತಯಾರಕರು ಪರಿಷ್ಕರಣೆ ನಿಲ್ಲಿಸಿದೊಡನೆ ಗಟ್ಟಿಯಾಗಿರುವ ಯಂತ್ರವೂ ಗುಜರಿಯ ಪಾಲಾಗುತ್ತದೆ. ಕನ್ನಡವನ್ನು ಎಣಿಸದೆ ಮಾಡಿದ ಅಗ್ಗದ ಮೊಬೈಲಿನಲ್ಲಿ ಒತ್ತಕ್ಷರಗಳು ಚೆದುರಿ ಬೀಳುತ್ತವೆ, ಇಲ್ಲವೆ ಬರಿಯ ಚೌಕಗಳು ಕಾಣುತ್ತವೆ. ತಿದ್ದಬಲ್ಲ ತರುಣರು ನಮ್ಮಲ್ಲೇ ಇದ್ದಾರೆ. ತಿದ್ದಲು ಅನುಮತಿ ಇಲ್ಲ. ಮಾರುಕಟ್ಟೆ ಚಿಕ್ಕದೆಂದು ತಯಾರಕರು ಕೈಬಿಟ್ಟ ಭಾಷೆಯನ್ನು ಆಡುವವರೂ ಎತ್ತಿಕೊಳ್ಳಬಾರದೆಂದರೆ ಅದು ಯಾವ ನ್ಯಾಯ?

ಗುಟ್ಟು ಪ್ರತಿಸ್ಪರ್ಧಿಗಳ ಪಾಲಾಗುತ್ತದೆ ಎನ್ನುತ್ತಾರೆ ತಯಾರಕರು. ಅವರು ಮಾರುವುದು ಯಂತ್ರವನ್ನು. ಫರ್ಮ್‌ವೇರಿಗೆ ಬೇರೆ ಬೆಲೆ ಹಚ್ಚಿದವರು ವಿರಳ. ಲಿಂಕ್‌ಸಿಸ್ ರೂಟರೊಂದರಲ್ಲಿ ಲಿನಕ್ಸ್ ಇರುವುದನ್ನು ಕಂಡ ಬಳಕೆದಾರರು ಪರವಾನಗಿಯ ಷರತ್ತನ್ನು ನೆನಪಿಸಿದಾಗ, 2003ರಲ್ಲಿ ಮೂಲಪಾಠ ಹೊರಬಂದಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಬೆಳೆಯಿತು. ಆ ರೂಟರಿಗೆ ಬೇಡಿಕೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ. 2013ರಲ್ಲಿ ಕ್ವಾಲ್ಕಾಮ್ ಅಥೆರಾಸ್ ತನ್ನ ಎಆರ್9271 ಎಂಬ ವೈಫೈ ಚಿಪ್ಪಿನ ಫರ್ಮ್‌ವೇರನ್ನು ಮುಕ್ತಗೊಳಿಸಿದಾಗ, ಆ ಚಿಪ್ಪನ್ನೇ ಹುಡುಕಿ ಕೊಳ್ಳುವವರು ಹುಟ್ಟಿಕೊಂಡರು.

ರೇಡಿಯೋ ತರಂಗಗಳ ನಿಯಮ ಮುರಿಯಬಹುದೆಂಬುದು ಇನ್ನೊಂದು ಆಕ್ಷೇಪ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 2016ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಟಿಪಿ-ಲಿಂಕ್ ಸಂಸ್ಥೆಗೆ ದಂಡ ವಿಧಿಸಿದಾಗಲೂ, ಬಳಕೆದಾರರು ಹೊರಗಿನ ಫರ್ಮ್‌ವೇರ್ ಅಳವಡಿಸಿಕೊಳ್ಳಲು ಮಾರ್ಗ ಅರಸಬೇಕೆಂದು ಒಪ್ಪಿಸಿಕೊಂಡಿತು. ಕಾವಲುಗಾರನೇ ಬಾಗಿಲು ಮುಚ್ಚಬೇಡವೆಂದ ಮೇಲೆ ನೆಪಕ್ಕೆ ಎಡೆ ಎಲ್ಲಿ?

ರಾಜ್ಯದ ಗಡಿಯ ಹೊರಗುಳಿದ ಕನ್ನಡಿಗರಾದ ನಾವು ಮನವಿ ಬರೆದೇ ಬಾಳಿದವರು. ಶಾಲೆಗೆ ಕನ್ನಡ ಶಿಕ್ಷಕರು ಬೇಕೆಂದು, ಕಚೇರಿಯಲ್ಲಿ ಕನ್ನಡ ನಮೂನೆ ಬೇಕೆಂದು ತಲೆಮಾರುಗಳಿಂದ ಕೇಳುತ್ತ ಬಂದಿದ್ದೇವೆ. ಒಬ್ಬನ ಅರ್ಜಿ ಕಡತದಲ್ಲಿ ಮಲಗುತ್ತದೆ, ಊರಿನ ಅರ್ಜಿಗೆ ಉತ್ತರ ಬರುತ್ತದೆ ಎಂಬುದನ್ನು ನಾವು ಬಲ್ಲೆವು. ಆ ಅನುಭವವನ್ನು ಇಲ್ಲಿಯೂ ತೊಡಗಿಸೋಣ. ಸಂಘಕ್ಕೋ ಶಾಲೆಗೋ ಯಂತ್ರ ಕೊಳ್ಳುವ ಮೊದಲು, ಇದರ ಫರ್ಮ್‌ವೇರ್ ಮುಕ್ತವೇ ಎಂದು ಲಿಖಿತವಾಗಿ ಕೇಳೋಣ. ಮುಕ್ತವಾದದ್ದು ದೊರೆತರೆ ಅದನ್ನೇ ಕೊಳ್ಳೋಣ, ಕೊಂಡ ಕಾರಣವನ್ನು ತಯಾರಕರಿಗೆ ತಿಳಿಸೋಣ. ಪರಿಷ್ಕರಣೆ ನಿಲ್ಲಿಸುವ ದಿನವೇ ಮೂಲಪಾಠವನ್ನು ಬಿಟ್ಟುಕೊಡಿ ಎಂದು ಒಟ್ಟಾಗಿ ಬರೆಯೋಣ.

ನಾವು ಕೇಳುವುದು ದಾನವನ್ನಲ್ಲ. ಕೊಂಡ ಪೆಟ್ಟಿಗೆಯ ಕೀಲಿಕೈಯನ್ನು.