ಹೊಸಬರ ಪ್ರಶ್ನೆಯೇ ಕೈಪಿಡಿಗೆ ಲೆಕ್ಕಪರಿಶೋಧನೆ

ಆರ್ಡರು, ದಾಸ್ತಾನು, ಬಿಲ್ಲುಗಳನ್ನು ಅಂತರ್ಜಾಲ ತಾಣದ ಮೂಲಕ ನಿರ್ವಹಿಸುವ ವ್ಯವಸ್ಥೆಯನ್ನು ಇಂದು ಸಣ್ಣ ಉದ್ಯಮಗಳೂ ಅಳವಡಿಸಿಕೊಂಡಿವೆ. ಆದರೆ ತಾಣವನ್ನು ರೂಪಿಸಿದ ತಂತ್ರಜ್ಞ ಕೆಲಸ ಬಿಟ್ಟ ದಿನ ಮಾಲೀಕರಿಗೆ ನಿಜಸ್ಥಿತಿಯ ಅರಿವಾಗುತ್ತದೆ. ನನ್ನ ಕಕ್ಷಿದಾರರೊಬ್ಬರ ಅನುಭವ ಇದಕ್ಕೆ ನಿದರ್ಶನ. 2025ರ ಸೆಪ್ಟೆಂಬರ್ 22ರಿಂದ ಹಲವು ಸರಕುಗಳ ಜಿಎಸ್‌ಟಿ ದರ ಬದಲಾದಾಗ, ತಾಣದಲ್ಲಿ ಅದನ್ನು ತಿದ್ದುವುದು ಅರ್ಧ ದಿನದ ಕೆಲಸವಾಗಿತ್ತು. ಹೊಸದಾಗಿ ಸೇರಿದ್ದ ತರುಣಿಗೆ ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ಬಿಲ್ಲುಗಳನ್ನು ಕೈಯಿಂದಲೇ ಬರೆಯಬೇಕಾಯಿತು. ಹಳಬನು ಬಿಟ್ಟುಹೋದ ಟಿಪ್ಪಣಿಯಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲಿಂದ ಆರಂಭಿಸಬೇಕೆಂಬುದು ಮಾತ್ರ ಇರಲಿಲ್ಲ.

ಆ ತಾಣವನ್ನು ಕಟ್ಟಿದ್ದು ‘ಜಾಂಗೋ’ ಎಂಬ ಸಿದ್ಧ ಚೌಕಟ್ಟಿನ ಮೇಲೆ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ನಗರದ ಪತ್ರಿಕಾ ಸಂಸ್ಥೆಯೊಂದರಲ್ಲಿ ರೂಪುಗೊಂಡ ಈ ತಂತ್ರಾಂಶ 2005ರಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಇದರ ಕೈಪಿಡಿ ಪಾಠಗಳು, ವಿಷಯ ವಿವರಣೆ, ಪರಾಮರ್ಶನ, ಕಾರ್ಯವಿಧಾನ ಎಂಬ ನಾಲ್ಕು ಭಾಗಗಳಲ್ಲಿದ್ದು, ಉತ್ತಮವೆಂದೇ ಹೆಸರಾಗಿದೆ.

ಆದರೂ ಕಲಿಯುವವರು ಎಡವುತ್ತಾರೆ. ಮೊದಲ ಪಾಠದಲ್ಲಿ ಬಹುಕಾಲ ‘ಮೈಸೈಟ್’ ಎಂಬ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತಿತ್ತು. ಹೊರಗಿನದು ಬರಿಯ ಪೆಟ್ಟಿಗೆಯೆಂಬ ವಿವರಣೆ ಅಲ್ಲಿಯೇ ಇದ್ದರೂ ಗೊಂದಲ ಸಹಜವಾಗಿತ್ತು. ಈಚಿನ ಆವೃತ್ತಿಗಳ ಪಾಠದಲ್ಲಿ ಹೊರಗಿನದಕ್ಕೆ ಬೇರೆ ಹೆಸರಿಡಲಾಗಿದೆ. ಒಂದು ಹೆಸರಿನ ಬದಲಾವಣೆ ಒಂದು ಪುಟದ ವಿವರಣೆಗಿಂತ ಹೆಚ್ಚು ಉಪಕಾರಿಯಾಗಬಲ್ಲದು. ಇನ್ನೊಂದು ತೊಡಕು ಆವೃತ್ತಿಯದು. ಗಣಕದಲ್ಲಿರುವುದು ಒಂದು ಆವೃತ್ತಿ, ಓದುತ್ತಿರುವುದು ಮತ್ತೊಂದರ ಪಾಠವಾದರೆ, ಹಿಂದಿನ ವರ್ಷದ ದರದಲ್ಲಿ ಈ ವರ್ಷದ ತೆರಿಗೆ ಲೆಕ್ಕ ಹಾಕಿದಂತೆಯೇ ಸರಿ.

ಇಂಥ ತೊಡಕುಗಳು ತಜ್ಞರ ಕಣ್ಣಿಗೆ ಬೀಳುವುದಿಲ್ಲ. ಬಲ್ಲವರು ಬಿಟ್ಟುಹೋದ ಹೆಜ್ಜೆಯನ್ನು ಅರಿವಿಲ್ಲದೆಯೇ ತುಂಬಿಕೊಂಡು ಓದುತ್ತಾರೆ. ನಮ್ಮ ವೃತ್ತಿಯ ಲೆಕ್ಕಪರಿಶೋಧನಾ ಮಾನದಂಡ 230ರ ಪ್ರಕಾರ, ಆ ಪರಿಶೋಧನೆಯ ಸಂಪರ್ಕವೇ ಇಲ್ಲದ ಅನುಭವಿ ಪರಿಶೋಧಕರೊಬ್ಬರಿಗೂ ದಾಖಲೆಗಳನ್ನು ನೋಡಿದೊಡನೆ ನಡೆದ ಕೆಲಸ ಅರ್ಥವಾಗಬೇಕು. ಕಲಿಸುವ ಕೈಪಿಡಿಗೆ ಇನ್ನೂ ಕಠಿಣವಾದ ಪರೀಕ್ಷೆ ಬೇಕು: ಅನುಭವವಿಲ್ಲದವರಿಗೂ ಅದು ದಾರಿ ತೋರಬೇಕು. ಆ ಪರೀಕ್ಷೆ ನಡೆಸಬಲ್ಲವರು ಹೊಸಬರು ಮಾತ್ರ. ಅದೂ ಮೊದಲ ಕೆಲವು ದಿನಗಳವರೆಗೆ. ಅಭ್ಯಾಸವಾದ ಮೇಲೆ ಅವರೂ ತಮ್ಮ ತೊಡಕನ್ನು ಮರೆಯುತ್ತಾರೆ.

ಎಲ್ಲವನ್ನೂ ವಿವರಿಸಹೊರಟರೆ ಕೈಪಿಡಿ ಬೆಳೆದು ಬಲ್ಲವರಿಗೆ ಭಾರವಾಗುತ್ತದೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯವಿಲ್ಲದಿಲ್ಲ. ಪಾಠವನ್ನೂ ಪರಾಮರ್ಶನವನ್ನೂ ಜಾಂಗೋದಲ್ಲಿರುವಂತೆ ಬೇರ್ಪಡಿಸುವುದೇ ಅದಕ್ಕೆ ಪರಿಹಾರ. ಅಲ್ಲದೆ ಜಾಂಗೋದ ದೋಷ ನೋಂದಣಿಯಲ್ಲಿ ಕೈಪಿಡಿಗೆಂದೇ ಒಂದು ವಿಭಾಗವಿದೆ. ಕಲಿಯುವವರೂ ಅಲ್ಲಿ ದೂರು ದಾಖಲಿಸಬಹುದು. ‘ಅರ್ಥವಾಗಲಿಲ್ಲ’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಯಾವ ಸಾಲಿನಲ್ಲಿ ನಿಂತೆ, ಏನು ಟೈಪು ಮಾಡಿದೆ, ಏನು ನಿರೀಕ್ಷಿಸಿದೆ, ಏನು ಬಂತು ಎಂಬ ನಾಲ್ಕು ವಿವರಗಳಿದ್ದರೆ ತಿದ್ದುವವರಿಗೆ ಕೆಲಸ ಸುಲಭ.

ನಮ್ಮ ಸದಸ್ಯರು ಇದನ್ನು ತಮ್ಮಲ್ಲಿಯೂ ಪಾಲಿಸಬಹುದು. ಹೊಸ ನೌಕರರಿಗೆ ಮೊದಲ ದಿನವೇ ಒಂದು ಪುಸ್ತಕ ಕೊಟ್ಟು, ನಿಂತಲ್ಲೆಲ್ಲ ಬರೆದಿಡಲು ತಿಳಿಸಬೇಕು. ಪ್ರಶ್ನೆ ಕೇಳಿದವರನ್ನು ದಡ್ಡರೆಂದು ಗದರಿಸಬಾರದು. ತಂತ್ರಾಂಶ ಮಾಡಿಕೊಡುವವರೊಡನೆ ಕರಾರು ಮಾಡಿಕೊಳ್ಳುವಾಗಲೇ ಒಂದು ಷರತ್ತನ್ನು ಸೇರಿಸುವುದು ಒಳಿತು: ತಾಣದ ಪರಿಚಯವಿಲ್ಲದ ವ್ಯಕ್ತಿಯೊಬ್ಬರು ಯಾರ ನೆರವೂ ಇಲ್ಲದೆ, ಕೈಪಿಡಿಯನ್ನಷ್ಟೇ ನೋಡಿ ಒಂದು ದರವನ್ನು ತಿದ್ದಿ ತೋರಿಸಿದ ನಂತರವೇ ಕೊನೆಯ ಕಂತು ಪಾವತಿಯಾಗತಕ್ಕದ್ದು.